ಕಿರುಬೆರಳು

ಬಂಡಬರ್ಗಿನ ಆಚೆ, ಕಬ್ಬಿನ ಗದ್ದೆ ಮುಗಿಯುವಲ್ಲಿ
ಒಂದು ತಗಡಿನ ಶೆಡ್ಡು. ಶನಿವಾರ, ಬೆಳಗ್ಗೆ ಎಂಟು.
ಆರು ಪ್ಲಾಸ್ಟಿಕ್ ಕುರ್ಚಿ, ಆರು ಜನ.
ಲೋರ್ನಾ ಪೆಟ್ರಿ, ಎಪ್ಪತ್ತೊಂದು, ಮೊಣಕಾಲಿಗೆ ಪಟ್ಟಿ,
ಮೇಜಿನ ಮೇಲಿನ ರೈಫಲ್ ಮುಟ್ಟದೆಯೇ ನನ್ನ ಕೇಳಿದಳು:
"ಇದು ಖಾಲಿಯಾ?"

ನಕ್ಕೆ. ನಾನು ಕೊಡವ.
ನಮ್ಮಲ್ಲಿ ಗಂಡು ಹುಟ್ಟಿದರೆ ಗಾಳಿಗೊಂದು ಗುಂಡು,
ಸತ್ತರೆ ಎರಡು.
ಕೋವಿ ಅಂದರೆ ನಮಗೆ ಪಂಕ್ತಿಯಲ್ಲಿ ಕೂರುವ ನೆಂಟ.
"ಖಾಲಿ," ಅಂದೆ.
"ಯಾರು ಹೇಳಿದರು?"
"ಈಗಷ್ಟೇ ತೆರೆದು ತೋರಿಸಿದಿರಲ್ಲ, ಆ ಹುಡುಗನಿಗೆ."
"ಅದು ಆಗ," ಅಂದಳು. "ಅವನಿಗೆ."

ಕಣ್ಣಿಗೆ ಆತುರ ಜಾಸ್ತಿ,
ತನಗೆ ಬೇಕಾದ್ದನ್ನೇ ನೋಡಿ ಬರುತ್ತದೆ;
ಕಿರುಬೆರಳಿಗೆ ಅಂಥ ಆಸೆಗಳಿಲ್ಲ, ಅದನ್ನು ಕಳಿಸು, ಅಂದಳು.
ಬೋಲ್ಟ್ ಹಿಂದಕ್ಕೆಳೆದೆ. ಬೆಳಕಿಗೆ ಹಿಡಿದೆ.
ಗುಂಡು ಕೂರುವ ಗೂಡಿನೊಳಕ್ಕೆ ಬೆರಳು ಇಳಿಸಿದೆ.
ತಣ್ಣಗೆ, ಸ್ವಲ್ಪ ಎಣ್ಣೆ, ಮತ್ತೆ
ಏನೂ ಇಲ್ಲ.
ಏನೂ ಇಲ್ಲದ್ದನ್ನು ನಲವತ್ತೊಂದು ವರ್ಷದಲ್ಲಿ
ಮೊದಲ ಸಲ ಮುಟ್ಟಿದ್ದೆ.

ಆ ಖುಷಿಯಲ್ಲಿ ನಳಿಗೆ ತುಸು ವಾಲಿತು,
ಪಕ್ಕದ ಟ್ರೆವರನ ಮಂಡಿಯತ್ತ.
ಲೋರ್ನಾ ಬೈಯಲಿಲ್ಲ. ಅದರ ಬಾಯಲ್ಲೊಂದು ಟಾರ್ಚ್
ಸದಾ ಉರಿಯುತ್ತಿದೆ ಅಂದುಕೋ,
ಬೆಳಕು ಯಾರ ಮೇಲೆ ಬಿತ್ತೋ ಅವರಿಗೆ ನೀನು ಸಾಲಗಾರ, ಅಂದಳು.
ಟ್ರೆವರ್ ಮಂಡಿ ಸವರಿಕೊಂಡ.

"ಏನು ಹೊಡೆಯಲಿಕ್ಕೆ ಬೇಕು ನಿನಗಿದು?"
"ಹಂದಿ. ಮಕಡೇಮಿಯಾ ತೋಟಕ್ಕೆ ನುಗ್ಗುತ್ತವೆ."
"ಹಂದಿಯ ಹಿಂದೆ?"
"ಕಬ್ಬು."
"ಕಬ್ಬಿನ ಹಿಂದೆ?"
ಕಬ್ಬಿನ ಹಿಂದೆ ಸಕ್ಕರೆ ಮಿಲ್ಲಿನ ಪುಟ್ಟ ರೈಲುಹಳಿ,
ಹಳಿಯ ಹಿಂದೆ... ನಾನು ಮಾತಾಡಲಿಲ್ಲ.
ಅಲ್ಲಿ ಶಾಲೆಯ ಬಸ್ಸು ನಿಲ್ಲುತ್ತದೆ.

ಆಗ ಯಾಕೋ ಊರಿನ ತೂತು ನೆನಪಾಯಿತು.
ನಡುಮನೆಯ ಮೇಲಣ ಹಲಗೆಯಲ್ಲಿ, ನಾಲ್ಕಾಣೆಯಷ್ಟಗಲ.
ಕೈಲ್ ಪೊಳ್ದಿನ ಹಿಂದಿನ ದಿನ ಕೋವಿ ಒರೆಸುತ್ತಾ
ಪೊನ್ನಪ್ಪ ಮಾವ "ಖಾಲಿ" ಅಂದಿದ್ದನಂತೆ.
ವರ್ಷ ವರ್ಷ ಪಂದಿಕರಿಯ ಜೊತೆ ಬಡಿಸುತ್ತಿದ್ದ ಕಥೆ:
ಮಾವ ಉರುಳಿಸಿದ ಅತಿ ದೊಡ್ಡ ಬೇಟೆ, ಒಂದು ಹಲಗೆ!
ನಾನೂ ನಕ್ಕಿದ್ದೇನೆ, ಮೂವತ್ತು ವರ್ಷ.

ಹಲಗೆಯ ಹಿಂದೆ?
ಮಹಡಿ.
ಮಹಡಿಯಲ್ಲಿ ಚಾಪೆ. ಚಾಪೆಯ ಮೇಲೆ ನನ್ನ ತಂಗಿ,
ಎರಡು ವರ್ಷ, ಮಧ್ಯಾಹ್ನದ ನಿದ್ದೆ.
ಸದ್ದಿಗೆ ಎದ್ದು ಅತ್ತಳಂತೆ.
ಕಥೆಯಲ್ಲಿ ಅದೂ ನಗುವ ಜಾಗವೇ.

ರಾತ್ರಿ ಗೋಣಿಕೊಪ್ಪಕ್ಕೆ ಫೋನು ಮಾಡಿದೆ.
ದೇಚಮ್ಮ ಈಗ ಹಲ್ಲಿನ ಡಾಕ್ಟರು, ಕ್ಲಿನಿಕ್ಕಿನಲ್ಲಿದ್ದಳು.
"ಆ ತೂತಿಗೂ ನಿನ್ನ ಚಾಪೆಗೂ ಎಷ್ಟು ದೂರ ಇತ್ತು?"
"ಯಾವ ಚಾಪೆ?" ಅಂದಳು,
"ಊಟ ಆಯ್ತಾ ನಿಂದು?"

ಕಾಂಕ್ರೀಟಿಗೆ ಮೊಳೆ ಇಳಿಸಿ ಸೇಫ್ ಬಿಗಿಸಿದ್ದೇನೆ.
ಪೊಲೀಸಿನವರು ಬಂದು ಅಲ್ಲಾಡಿಸಿ ನೋಡಿ ಹೋದರು.
ಕೋವಿ ಒಂದರಲ್ಲಿ, ಬೋಲ್ಟ್ ಇನ್ನೊಂದರಲ್ಲಿ,
ಗುಂಡಿಗೆ ಬೇರೆಯೇ ಪೆಟ್ಟಿಗೆ, ಬೇರೆ ಬೀಗ.
ಕೀಲಿ ಎಲ್ಲಿ? ಇಲ್ಲೂ ಬರೆಯುವುದಿಲ್ಲ.

ಸೆಪ್ಟೆಂಬರ್ ಬಂತು. ತೋಕ್ ಪೂ ಇಲ್ಲಿ ಕಳೆ,
ಕಡಲದಿಬ್ಬದಲ್ಲಿ ಕಂಡರೆ ಕಿತ್ತು ಬಿಸಾಡಬೇಕಂತೆ,
ಅದೂ ಅರಳುವುದು ಸಂಕ್ರಾಂತಿಯ ಹೊತ್ತಿಗೆ.
ಬಿಳಿ ಬಟ್ಟೆ ಹಾಸಿ ಕೋವಿ ಮಲಗಿಸಿದೆ,
ಬೋಲ್ಟ್ ಬಿಚ್ಚಿ, ಬಾಯಿ ಗೋಡೆಗೆ ಮಾಡಿ.
ಮಗಳು ಬೋಜಿ ಕಾಗದದ ಹೂ ತಂದಳು, ಬೇಲಿಯದ್ದು,
ನಳಿಗೆಗೆ ಸಿಕ್ಕಿಸಲು ಬಗ್ಗಿದಳು.
"ಅಲ್ಲಿ ಬೇಡ ಕೂಸೇ.
ಮರೆತು ಬಿಟ್ಟರೆ ಹೂವಿಗೂ ನಳಿಗೆ ಸೀಳುವ ಶಕ್ತಿ ಬರುತ್ತೆ.
ಪಕ್ಕದಲ್ಲಿಡು."

ಇಟ್ಟಳು. ಹಿಂದಕ್ಕೆ ಸರಿದು ಕೈಕಟ್ಟಿ ನಿಂತಳು.
"ಅಪ್ಪ, ಇದು ಖಾಲಿಯಾ?"

ನಾಲಗೆಯ ತುದಿಗೆ ಆ ಮಾತು ಬಂದೇಬಿಟ್ಟಿತ್ತು,
ಮಾವನ ದನಿಯಲ್ಲೇ.
ನುಂಗಿಕೊಂಡೆ.
ಕಿರುಬೆರಳನ್ನು ಅಂಗಿಗೆ ಒರೆಸಿಕೊಂಡೆ.